ಮೆರೂನ್ ಬೊಟ್ಟು ಮತ್ತು ಚಿನ್ನದ ಬೆಕ್ಕು

ನಾನು ಕಾರು ಓಡಿಸಲು ಕಲಿತದ್ದು ಐವತ್ತೊಂದನೇ ವಯಸ್ಸಿನಲ್ಲಿ. ಅಷ್ಟರೊಳಗೆ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿ, ಬೇರೆಯವರ ಮಕ್ಕಳನ್ನು ಮನಸಾರೆ ಬೈದಿದ್ದೆ. ನನ್ನನ್ನು ಬೈಯಲು ಮಾತ್ರ ಮನೆಯಲ್ಲಿ ಯಾರಿಗೂ ಒಂದು ಗಟ್ಟಿಯಾದ ಕಾರಣ ಸಿಕ್ಕಿರಲಿಲ್ಲ. ಕಾರು ಕಲಿತ ಮೇಲೆ ನನ್ನ ಗಂಡನಿಗೆ ಅದು ಸಿಕ್ಕಿತು. ಅದರ ಹೆಸರು ಹಾಫ್ ಕ್ಲಚ್.

ಕ್ಲಚ್ ಪೆಡಲಿನ ಮೇಲಿಂದ ಕಾಲನ್ನು ಪೂರ್ತಿ ತೆಗೆಯದೆ, ಅರ್ಧ ಒತ್ತಿಕೊಂಡೇ ಗಾಡಿ ಓಡಿಸುವುದಕ್ಕೆ ಹಾಗನ್ನುತ್ತಾರೆ. ನಾನು ಹಾಗೆ ಓಡಿಸುತ್ತಿದ್ದೆನೇ ಎಂದರೆ, ಮೊದಲ ಆರು ತಿಂಗಳು ಹೌದು. ಆಮೇಲೆ ಇಲ್ಲ. ಆದರೆ ಇವರ ತಲೆಯಲ್ಲಿ ಆ ಆರು ತಿಂಗಳು ಮುಗಿಯಲೇ ಇಲ್ಲ. ಮೈಲೇಜ್ ಕಡಿಮೆಯಾದರೆ ಹಾಫ್ ಕ್ಲಚ್. ಬ್ರೇಕ್ ಕಿರುಗುಟ್ಟಿದರೆ ಹಾಫ್ ಕ್ಲಚ್. ಒಂದು ಸಲ ವೈಪರ್ ಆಡದಿದ್ದಾಗಲೂ ಇವರು ಬಗ್ಗಿ ನನ್ನ ಎಡಗಾಲನ್ನೇ ನೋಡಿದ್ದರು.

ಅಷ್ಟು ಮಾತು ಕೇಳಿಯೂ ನಾನು ಸ್ಟಿಯರಿಂಗ್ ಬಿಟ್ಟುಕೊಡಲಿಲ್ಲ, ಕಾರಣ ಶನಿವಾರ. ಶನಿವಾರ ನಮಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಅತ್ತೆಯೂ ಭದ್ರಾವತಿಯ ಓಲ್ಡ್ ಟೌನಿಗೆ ಹೋಗುತ್ತಿದ್ದೆವು. ಅಲ್ಲಿ ಅತ್ತೆಯ ಅಕ್ಕನ ಮನೆ. ನಾನು ಅವರನ್ನು ದೊಡ್ಡತ್ತೆ ಅನ್ನುತ್ತೇನೆ. ಅಕ್ಕನಿಗೆ ಎಂಬತ್ತೊಂದು, ತಂಗಿಗೆ ಎಪ್ಪತ್ತೆಂಟು. ಇಬ್ಬರೂ ಎದುರುಬದುರು ಕೂತು ನಾಲ್ಕು ಕವಡೆ ಹಾಕಿ ಚೌಕಾಬಾರ ಆಡುತ್ತಾರೆ. ಆಟ ಅಂದರೆ ಆಟವಲ್ಲ, ಜಗಳ. ಒಬ್ಬರ ಕಾಯಿ ಇನ್ನೊಬ್ಬರು ಹೊಡೆದರೆ ಮದುವೆಗೆ ಮುಂಚಿನ ವಿಷಯಗಳೆಲ್ಲ ಹೊರಗೆ ಬರುತ್ತವೆ. ಸಂಜೆ ವಾಪಸು ಬರುವಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಮುಂದಿನ ವಾರ ಅಕ್ಕನ ಯಾವ ಕಾಯಿಯನ್ನು ಹಣ್ಣಾಗಲು ಬಿಡಬಾರದು ಎಂದು ಲೆಕ್ಕ ಹಾಕುತ್ತ ಬರುತ್ತಾರೆ.

ನಾನು ಕಾರು ಕಲಿಯುವ ಮೊದಲು ಈ ಆಟ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಅತ್ತೆಯ ಮಂಡಿ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ, ನನ್ನ ಸ್ಕೂಟಿಯ ಹಿಂದೆ ಕೂರುವ ಮಾತಂತೂ ಇಲ್ಲ. ಮಗನನ್ನು ಕೇಳಿದರೆ "ಮುಂದಿನ ವಾರ ಹೋಗೋಣಮ್ಮ" ಅನ್ನುತ್ತಿದ್ದರು ಇವರು. ಸುಳ್ಳಲ್ಲ, ಅವರಿಗೆ ಕಚೇರಿ ಕೆಲಸ ಹೆಚ್ಚೇ. ಆದರೆ ಇಪ್ಪತ್ತು ಕಿಲೋಮೀಟರ್ ದೂರದ ಅಕ್ಕನನ್ನು ನೋಡಲು ಮುಂದಿನ ವಾರಕ್ಕಾಗಿ ಕಾಯುತ್ತ ಕೂರುವುದು ಎಂಥ ಕಷ್ಟ ಎಂದು ನಾನು ಅತ್ತೆಯ ಮುಖದಲ್ಲಿ ನೋಡಿದ್ದೆ. ಅದಕ್ಕೇ ಕಲಿತೆ.

ಈಗ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಶನಿವಾರ ಮಲವಗೊಪ್ಪ ದಾಟುವಾಗ ಕಾರು ಸ್ವಲ್ಪ ನಡುಗಿತು, ಬಿಕ್ಕಳಿಕೆ ಬಂದವರ ಹಾಗೆ. ಅದರ ಹಿಂದೆಯೇ ಸ್ಟಿಯರಿಂಗಿನ ಎದುರಿನ ಮೀಟರುಗಳ ನಡುವೆ ಹಳದಿ ಬಣ್ಣದ ಒಂದು ಪುಟ್ಟ ದೀಪ ಹತ್ತಿತು. ಎಂಜಿನ್ನಿನ ಚಿತ್ರ. ಅದರ ಅರ್ಥ ನನಗೆ ಗೊತ್ತಿತ್ತು. ಗಾಡಿಯಲ್ಲಿ ಏನೋ ಸರಿಯಿಲ್ಲ, ತೋರಿಸು ಎಂದು. ಆದರೆ ನನಗೆ ಕಂಡಿದ್ದು ಆ ಅರ್ಥವಲ್ಲ. ಇವರು ಆ ದೀಪವನ್ನು ನೋಡಿ, ಆಮೇಲೆ ನನ್ನ ಎಡಗಾಲನ್ನು ನೋಡಿ, "ನಾನು ಹೇಳಿದ್ನಾ ಇಲ್ವಾ" ಅನ್ನುವುದು ಕಣ್ಣಿಗೆ ಕಟ್ಟಿತು. ಪಕ್ಕಕ್ಕೆ ತಿರುಗಿದೆ. ಅತ್ತೆ ತಲೆ ವಾಲಿಸಿ ನಿದ್ದೆಯಲ್ಲಿದ್ದರು. ಗಾಡಿ ನಿಲ್ಲಿಸಿ, ಹಣೆಯಲ್ಲಿದ್ದ ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಆ ದೀಪದ ಮೇಲೆ ಅಂಟಿಸಿಬಿಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಸರಿಯಾಗಿ ಕೂತಿತು.

ಓಲ್ಡ್ ಟೌನಿನಲ್ಲಿ ಬಾಗಿಲು ತೆಗೆದ ದೊಡ್ಡತ್ತೆ ನನ್ನ ಹಣೆ ನೋಡಿ ಹುಬ್ಬೇರಿಸಿದರು. "ಇದೇನೇ, ಬೋಳು ಹಣೇಲಿ ಬಂದಿದೀಯಾ?"

ನಾನು ತಡವರಿಸುವಷ್ಟರಲ್ಲಿ ಅತ್ತೆಯೇ ಹೇಳಿದರು. "ಸೆಕೆ ಅಲ್ವೇನಕ್ಕ, ಬೆವರಿಗೆ ಎಲ್ಲೋ ಬಿದ್ದಿರ್ಬೇಕು. ಕುಂಕುಮ ಕೊಡು."

ಮಾಗಿಯ ಚಳಿ ಇನ್ನೂ ಹೋಗಿರಲಿಲ್ಲ. ಆದರೂ ಆ ಮಾತಿನಲ್ಲಿ ಏನಾದರೂ ಇದ್ದೀತು ಎಂದು ನನಗೆ ಹೊಳೆಯಲಿಲ್ಲ. ಕುಂಕುಮ ಇಟ್ಟುಕೊಂಡು ಕಾಫಿ ಕುಡಿದೆ.

ಮುಂದಿನ ವಾರ ನಡುಕ ಹಾಗೇ ಇತ್ತು. ಅದರ ಮುಂದಿನ ವಾರ ಕಾರಿಗೆ ಪಿಕಪ್ ಕಡಿಮೆಯಾಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತಿತ್ತು, ಓಟ ಬರುತ್ತಿರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ನಲವತ್ತರ ಮೇಲೆ ಮುಳ್ಳು ಏಳದಾಯಿತು. ಅಡಿಕೆ ಮೂಟೆ ಹೇರಿಕೊಂಡ ಗೂಡ್ಸ್ ಆಟೋ ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಒಂದು ಟ್ರ್ಯಾಕ್ಟರ್. ಅದರಲ್ಲಿ ನಿಂತಿದ್ದ ಹೆಂಗಸರು ನಮ್ಮ ಕಡೆ ನೋಡಿ ಕೈಬೀಸಿದರು. ಅತ್ತೆಯೂ ಕೈಬೀಸಿದರು.

"ಪರಿಚಯದೋರಾ ಅತ್ತೆ?" ಎಂದೆ.

"ಇಲ್ಲ. ಇಷ್ಟೊತ್ತು ಜೊತೇಲೇ ಬಂದ್ವಲ್ಲ, ಪರಿಚಯ ಆದಂಗೇ ಆಯ್ತು."

ಇವರು ಒಂದು ದಿನ ಸಂತೆಗೆ ಕಾರು ತೆಗೆದುಕೊಂಡು ಹೋಗಿ ಬಂದು ಕೀಲಿಯನ್ನು ಟೇಬಲ್ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಅದು ಇನ್ನೂ ಕೆಟ್ಟದ್ದು.

"ಕ್ಲಚ್ ಪ್ಲೇಟ್ ಪೂರ್ತಿ ತಿಂದ್‌ಹಾಕಿದೀಯ. ಎಳೆಯೋದೇ ಇಲ್ಲ ಗಾಡಿ. ಇದನ್ನ ಮಾರಿಬಿಡೋಣ. ನಿಂಗೆ ಸ್ಕೂಟಿ ಸಾಕು. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ ಭದ್ರಾವತಿಗೆ."

"ಯಾವಾಗ?" ಎಂದು ಅತ್ತೆ ಒಳಗಿಂದ ಕೇಳಿದರು.

"ಮುಂದಿನ ವಾರ" ಎಂದರು ಇವರು.

ನನಗೆ ಆ ರಾತ್ರಿ ಊಟ ಸೇರಲಿಲ್ಲ. ಬೊಟ್ಟಿನ ವಿಷಯ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಕಾರು ಹೋದದ್ದೇ ಎಂದೂ ಅನ್ನಿಸಿತು. ಮಕ್ಕಳು ಉತ್ತರಪತ್ರಿಕೆಯಲ್ಲಿ ಮಾಡಿದ ತಪ್ಪನ್ನು ಮಸಿ ಚೆಲ್ಲಿ ಮುಚ್ಚಿದರೆ ನಾನು ಎಷ್ಟು ಬೈಯುತ್ತಿದ್ದೆ ಎಂದು ನೆನಪಾಗಿ ನನ್ನ ಮೇಲೆಯೇ ಸಿಟ್ಟು ಬಂತು. ಆದರೂ ಹೇಳಲಿಲ್ಲ. ಅಷ್ಟು ಪುಕ್ಕಲು ನಾನು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಶನಿವಾರ ಕಾರು ಭದ್ರೆಯ ಸೇತುವೆ ದಾಟಿ, ಓಲ್ಡ್ ಟೌನಿನ ಒಂದು ಸಣ್ಣ ಏರಿನಲ್ಲಿ ಹತ್ತಲಾರೆ ಎಂದು ನಿಂತೇಬಿಟ್ಟಿತು. ಪಕ್ಕದಲ್ಲೇ ಒಂದು ಗ್ಯಾರೇಜು. ಅದರ ಮೆಕ್ಯಾನಿಕ್ ಅರವತ್ತು ದಾಟಿದ ಮನುಷ್ಯ, ಮನೆಮಾತು ತಮಿಳು. ಪ್ರಾಯದಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಮುಂದೆ ಕೆಲಸ ಮಾಡಿದವರು. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಕಾರಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದರು. ವೈದ್ಯರು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವ ಹಾಗಿತ್ತು.

"ಗಾಳಿ ಹೊರಗೆ ಬರ್ತಿಲ್ಲ ಮೇಡಂ. ಕುಲುಮೆ ಆಗ್ಲಿ ಎಂಜಿನ್ ಆಗ್ಲಿ, ಹೊಗೆ ಹೊರಗೆ ಹೋದ್ರೇನೇ ಬೆಂಕಿ ಉರಿಯೋದು. ಬಿಟ್ಟು ಹೋಗಿ. ನೋಡಿ ಫೋನ್ ಮಾಡ್ತೀನಿ."

"ಕ್ಲಚ್ ಅಲ್ವಾ?" ಎಂದೆ.

"ಕ್ಲಚ್ಚಾ? ಕ್ಲಚ್ ಯಾಕೆ?" ಎಂದರು. ಆ ಕ್ಷಣಕ್ಕೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಅವರ ಫೋನ್ ಬಂದದ್ದು ಸೋಮವಾರ ಸಂಜೆ. ನನ್ನ ಎರಡೂ ಕೈ ರೊಟ್ಟಿಯ ಹಿಟ್ಟಿನಲ್ಲಿದ್ದವು. ಇವರಿನ್ನೂ ಕಚೇರಿಯಿಂದ ಬಂದಿರಲಿಲ್ಲ. ಫೋನ್ ತೆಗೆದವರು ಅತ್ತೆ. "ಹೂಂ... ಹೂಂ... ಅಯ್ಯೋ... ಹೂಂ" ಎಂದು ಇಟ್ಟರು. ಅಡುಗೆಮನೆಗೆ ಬಂದು ಬಾಗಿಲನ್ನು ಅರ್ಧ ಮುಂದೆ ಮಾಡಿದರು. ಮುಖ ಸಪ್ಪಗಾಗಿತ್ತು.

"ಅವನು ಬಂದ್ರೆ ಏನೂ ಹೇಳ್ಬೇಡ ಮಾರಾಯ್ತಿ. ಬೆಕ್ಕು ಸತ್ತಿದೆ."

"ಯಾವ ಬೆಕ್ಕು?"

"ಕಾರಿನ ಒಳಗೆ. ಪೈಪಲ್ಲಿ ಸಿಕ್ಕಾಕ್ಕೊಂಡಿದೆ. ಕರೀ ಬೆಕ್ಕಂತೆ. ಉಸಿರೇ ಇಲ್ಲ, ಒಳಗೇ ಸುಟ್ಟು ಗಟ್ಟಿಯಾಗಿ ಕೂತಿದೆ ಅಂದ್ರು."

ಅತ್ತೆ ಆ ಕಾಲದ ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ಪ್ರಾಣಿ, ಬಣ್ಣ, ತಿಂಗಳುಗಳ ಹೆಸರು ಇವತ್ತಿಗೂ ಬಾಯಿಪಾಠ. ಮೆಕ್ಯಾನಿಕ್ ಹೇಳಿದ್ದು ನಿಜವಾಗಿ ಏನು ಎಂದು ಕೇಳಿದೆ. ಅತ್ತೆ ಒಂದಕ್ಷರ ಬಿಡದೆ ಒಪ್ಪಿಸಿದರು. "ಕ್ಯಾಟ್ ಫುಲ್ ಬ್ಲಾಕ್ ಆಗಿದೆ ಅಂದ್ರು. ಬ್ಲಾಕ್ ಅಂದ್ರೆ ಕಪ್ಪು ತಾನೆ?"

ನನಗೂ ಆಗ ಕ್ಯಾಟ್ ಅಂದರೆ ಬೆಕ್ಕು ಎಂದಷ್ಟೇ ಗೊತ್ತಿದ್ದದ್ದು. ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ. ನಮ್ಮ ಬೀದಿಯ ಕರೀ ಬೆಕ್ಕು ಎಷ್ಟು ದಿನದಿಂದ ಕಂಡಿಲ್ಲ ಎಂದು ಯೋಚಿಸತೊಡಗಿದೆ.

ಅತ್ತೆ ಕೋಣೆಗೆ ಹೋಗಿ ಟ್ರಂಕಿನ ಬೀಗ ತೆಗೆದ ಸದ್ದಾಯಿತು. ಬಟ್ಟೆಯ ಗಂಟಿನಿಂದ ಒಂದು ಚಿನ್ನದ ಗುಂಡು ತಂದು ಅಂಗೈ ಮೇಲಿಟ್ಟು ತೋರಿಸಿದರು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು.

"ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು. ನಮ್ಮಮ್ಮ ಹೇಳ್ತಿದ್ಲು. ದೊಡ್ಡ ಬೆಕ್ಕು ನಮ್ಮ ಕೈಲಿ ಆಗಲ್ಲ. ಇದ್ರಲ್ಲಿ ಒಂದು ಮರಿ ಆಗುತ್ತೆ. ಅಕ್ಕಸಾಲಿಗೆ ನಾನೇ ಹೇಳ್ತೀನಿ. ಅವನಿಗೆ ಗೊತ್ತಾದ್ರೆ ಬೆಕ್ಕು ಕೊಂದೋಳು ಅಂತ ನಿನ್ನ ಕೈಗೆ ಕೀಲಿ ಕೊಡಲ್ಲ."

ನನಗೆ ಕಣ್ಣಲ್ಲಿ ನೀರು ಬಂತು. ಆ ಗುಂಡು ಅವರ ತವರಿನದು, ತಮ್ಮ ಮಗಳ ಮದುವೆಯಲ್ಲೂ ಹೊರಗೆ ತೆಗೆದಿರಲಿಲ್ಲ. ಕೈ ತೊಳೆದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬೆಕ್ಕನ್ನು ಹೊರಗೆ ತೆಗೆದರಾ ಎಂದು ಕೇಳಿದೆ. ಆ ಕಡೆ ಅವರು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು.

ಅದು ಕ್ಯಾಟಲಿಟಿಕ್ ಕನ್ವರ್ಟರ್. ಗ್ಯಾರೇಜಿನವರ ಬಾಯಲ್ಲಿ ಕ್ಯಾಟ್. ಎಂಜಿನ್ನಿನಿಂದ ಬರುವ ಹೊಗೆ ಸೈಲೆನ್ಸರಿಗೆ ಹೋಗುವ ಮೊದಲು ಹಾಯುವ ಒಂದು ಡಬ್ಬ. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು. ಕೆಟ್ಟ ಹೊಗೆ ಅದರಲ್ಲಿ ಹಾದು ವಿಷ ಕಳೆದುಕೊಳ್ಳುತ್ತದೆ. ನಮ್ಮದರಲ್ಲಿ ಆ ಗೂಡು ಕರಗಿ ತೂತುಗಳೆಲ್ಲ ಕಟ್ಟಿಕೊಂಡಿದ್ದವು. ಅತ್ತೆಗೆ ವಿವರಿಸಿದೆ. ಬೆಕ್ಕು ಬದುಕಿದ್ದಕ್ಕೆ ಸಮಾಧಾನ, ತಾನು ಮೋಸಹೋದದ್ದಕ್ಕೆ ಸಿಟ್ಟು, ಎರಡೂ ಅವರಿಗೆ ಒಟ್ಟಿಗೆ ಬಂದವು. "ಡಬ್ಬಕ್ಕೆ ಬೆಕ್ಕು ಅಂತ ಯಾಕೆ ಹೆಸರಿಡ್ಬೇಕು?" ಎನ್ನುತ್ತ ಗುಂಡನ್ನು ಮತ್ತೆ ಗಂಟು ಕಟ್ಟಿದರು.

ಮುಂದಿನದು ಎರಡನೇ ಶನಿವಾರ, ಇವರಿಗೆ ರಜೆ. ಮೂವರೂ ಆಟೋ ಮಾಡಿಕೊಂಡು ಭದ್ರಾವತಿಗೆ ಹೋದೆವು. ಇವರಿಗೆ ಇನ್ನೂ ನಂಬಿಕೆಯಿಲ್ಲ. ದಾರಿಯುದ್ದಕ್ಕೂ ಕ್ಲಚ್ ಪ್ಲೇಟಿನ ಬಗ್ಗೆ ಆಟೋದವನಿಗೆ ಪಾಠ ಹೇಳಿದರು.

ಮೆಕ್ಯಾನಿಕ್ ವಾದ ಮಾಡಲಿಲ್ಲ. ಮೊದಲು ಇವರನ್ನೇ ಕೂರಿಸಿ, ಆ ಏರು ಹತ್ತಿಸಿ ಎಂದರು. ಇವರು ಗಾಡಿ ಹೊರಟ ಕೂಡಲೇ ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದು, ಕಿಟಕಿಯಿಂದ ನನಗೆ ತೋರಿಸಿ, ಆಕ್ಸಿಲರೇಟರ್ ಒತ್ತಿದರು. ಕಾರು ಮುಲುಗುತ್ತ ಅರ್ಧ ಏರು ಹೋಗಿ ನಿಂತಿತು. ಇನ್ನೊಂದು ಸಲ ಮಾಡಿದರು. ಈ ಸಲ ಏರಿನ ಕಾಲುಭಾಗವೂ ದಾಟಲಿಲ್ಲ. ಇಳಿದು ಬಂದು ಕನ್ನಡಕ ಒರೆಸಿಕೊಂಡರು.

ಆಮೇಲೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಕನ್ವರ್ಟರಿನ ಮುಂದೆ ಪೈಪಿಗೆ ಸಿಕ್ಕಿಸಿದ್ದ ಒಂದು ಸೆನ್ಸರನ್ನು ಬಿಚ್ಚಿದರು. ಅಲ್ಲೊಂದು ತೂತಾಯಿತು. ಕಟ್ಟಿಕೊಂಡ ಗಾಳಿ ಅಲ್ಲಿಂದ ಹೋಗಲಿ, ಆಗ ಎಂಜಿನ್ ಎಳೆದರೆ ತಪ್ಪು ಕ್ಯಾಟಿನದೇ ಎಂದರು. "ಈಗ ಮೇಡಂ ಓಡಿಸ್ಲಿ."

ನಾನು ಕೂತೆ. ಕಾಲು ಒತ್ತಿದೆ. ಆ ಸದ್ದನ್ನು ಹೇಗೆ ಹೇಳಲಿ, ಭತ್ತದ ಮಿಲ್ಲು ಎದ್ದು ಓಡಿದ ಹಾಗೆ. ಅಂಗಡಿಯವರೆಲ್ಲ ಹೊರಗೆ ಬಂದರು. ಕಾರು ಆ ಏರನ್ನು ಏರು ಎಂದೇ ಲೆಕ್ಕಿಸದೆ ಹತ್ತಿತು. ನಾನು ಮೇಲೆ ಹೋಗಿ ತಿರುಗಿಸಿಕೊಂಡು ಕೆಳಗೆ ಬಂದು, ಬೇಕಿರಲಿಲ್ಲ, ಆದರೂ ಇನ್ನೊಂದು ಸಲ ಹತ್ತಿದೆ. ಎರಡು ವರ್ಷದ ಹಾಫ್ ಕ್ಲಚ್ಚನ್ನೆಲ್ಲ ಆ ಏರಿನಲ್ಲಿ ತೀರಿಸಿಕೊಂಡೆ. ಇಳಿಯುವಾಗ ಇವರ ಮುಖ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಆ ಖುಷಿ ಎರಡು ನಿಮಿಷ ಇತ್ತು. ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸುತ್ತ ಹೇಳಿದರು. "ಒಂದು ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು ಸಾರ್. ಪೆಟ್ರೋಲ್ ಸರಿಯಾಗಿ ಉರೀದೆ ಬಂದು ಬಂದು ಇದರೊಳಗೆ ಉರಿದು, ಗೂಡು ಕರಗಿಹೋಗಿದೆ. ಶುರುನಲ್ಲೇ ತಂದಿದ್ರೆ ಪ್ಲಗ್ ಹಾಕಿದ್ರೆ ಮುಗೀತಿತ್ತು. ಹಳದಿ ದೀಪ ಬಂದಿರ್ಬೇಕಲ್ಲ. ಯಾರೂ ನೋಡ್ಲಿಲ್ವಾ?"

"ಯಾವ ದೀಪಾನೂ ಬಂದಿಲ್ಲ" ಎಂದರು ಇವರು. "ನಾನೇ ನೋಡಿದೀನಲ್ಲ."

ಮೆಕ್ಯಾನಿಕ್ ಒಳಗೆ ಬಗ್ಗಿ ಕೀಲಿ ತಿರುಗಿಸಿದರು. ದೀಪಗಳೆಲ್ಲ ಹತ್ತಿದವು, ಒಂದನ್ನು ಬಿಟ್ಟು. ಮುಖ ಹತ್ತಿರ ತಂದು ನೋಡಿದರು. ಉಗುರಿನಲ್ಲಿ ಕೆರೆದರು. ಬೆರಳ ತುದಿಯಲ್ಲಿ ಮೆರೂನ್ ಬೊಟ್ಟು ಎದ್ದು ಬಂತು. ಅದರ ಕೆಳಗೆ ಹಳದಿ ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು.

ಇವರು ಬೊಟ್ಟನ್ನು ನೋಡಿದರು. ಆಮೇಲೆ ನನ್ನ ಹಣೆಯನ್ನು ನೋಡಿದರು. ಅದೇ ಬಣ್ಣ, ಅದೇ ಅಳತೆ, ಅದೇ ಪ್ಯಾಕೆಟ್ಟು. ಹೋಯಿತು ಸ್ಟಿಯರಿಂಗ್, ಹೋಯಿತು ಶನಿವಾರ ಎಂದುಕೊಂಡೆ.

"ದೃಷ್ಟಿಬೊಟ್ಟು ಅದು" ಎಂದರು ಅತ್ತೆ. ಗ್ಯಾರೇಜಿನ ಸ್ಟೂಲಿನ ಮೇಲೆ, ಸೆರಗು ಹೊದ್ದು, ನೇರವಾಗಿ ಕೂತಿದ್ದರು. "ನಾನೇ ಹಚ್ಚಿದ್ದು."

"ದೃಷ್ಟಿಬೊಟ್ಟು ಕಪ್ಪಗಿರಲ್ವೇನಮ್ಮ?" ಎಂದರು ಇವರು.

"ಬಿಳೀ ಕಾರಿಗೆ ಇಷ್ಟು ಸಾಕು."

"ಅದೇ ಜಾಗಕ್ಕೆ ಯಾಕೆ ಹಚ್ಚಿದೆ?"

"ಅಲ್ಲೊಂದು ಕಣ್ಣು ನನ್ನನ್ನೇ ನೋಡ್ತಿತ್ತು. ಅದಕ್ಕೆ."

ಮೆಕ್ಯಾನಿಕ್ ಬೊಟ್ಟನ್ನು ಗೌರವದಿಂದ ಗೋಡೆಯ ಕ್ಯಾಲೆಂಡರಿಗೆ ಅಂಟಿಸಿದರು. ಒಳಗಿನ ಗೂಡನ್ನು ಒಡೆದು ತೆಗೆದು ಖಾಲಿ ಡಬ್ಬ ಹಾಕಿಕೊಡುವವರೂ ಇದ್ದಾರೆ, ತಾನು ಅದನ್ನು ಮಾಡುವುದಿಲ್ಲ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ ಎಂದರು. ಹೊಸದನ್ನೇ ಹಾಕಿ ಎಂದೆ. ಖರ್ಚು ನನ್ನ ಸಂಬಳದ್ದು ಎಂದೂ ಸೇರಿಸಿದೆ. ಇವರು ಯಾಕೆ ಎಂದು ಕೇಳಲಿಲ್ಲ.

"ಹಳೇದನ್ನ ಗುಜರಿಯೋರಿಗೆ ಸುಮ್ನೆ ಕೊಟ್ಬಿಡ್ಬೇಡಿ ಪಾಟಿ" ಎಂದು ಮೆಕ್ಯಾನಿಕ್ ಅತ್ತೆಯನ್ನು ತಮಿಳಿನಲ್ಲಿ ಅಜ್ಜಿ ಎಂದು ಕರೆದು ಹೇಳಿದರು. "ಆ ಗೂಡಿನ ಮೇಲೆ ಚಿನ್ನದಂಥ ಬೆಲೆಯ ಲೋಹ ಸವರಿರ್ತಾರೆ. ಅದಕ್ಕೇ ಇದನ್ನ ಹುಡುಕ್ಕೊಂಡು ಬರ್ತಾರೆ."

ಅತ್ತೆ ನನ್ನ ಕಡೆ ತಿರುಗಿದರು. ಗೆದ್ದವರ ಮುಖ. "ನಾನು ಹೇಳ್ಲಿಲ್ವಾ, ಚಿನ್ನದ ಬೆಕ್ಕು ಅಂತ."

ಕಾರು ಬಂದ ಮೇಲಿನ ಮೊದಲ ಶನಿವಾರ. ಶಿವಮೊಗ್ಗ ದಾಟಿದ ಮೇಲೆ ನಾನು ಹೇಳಿದೆ.

"ಅತ್ತೆ, ಆ ಬೊಟ್ಟು ನಾನು ಅಂಟ್ಸಿದ್ದು."

"ಗೊತ್ತು. ನೋಡ್ದೆ."

"ನಿದ್ದೆ ಮಾಡ್ತಿದ್ರಲ್ಲ."

"ನಿಂಗೆ ಹಂಗೆ ಕಂಡಿತ್ತು. ಕಣ್ಣು ಬಿಟ್ಟಿದ್ರೆ ಇದೇನು ಅಂತ ಕೇಳ್ಬೇಕಾಗ್ತಿತ್ತು. ಕೇಳಿದ್ರೆ ನೀನು ಗಾಡಿ ವಾಪಸು ತಿರುಗಿಸ್ತಿದ್ದೆ. ನಂಗೂ ಅಕ್ಕನ ಮನೆಗೆ ಹೋಗ್ಬೇಕಿತ್ತಲ್ಲ."

ಎರಡು ತಿಂಗಳು ಆ ನಡುಕವನ್ನು ಅವರೂ ಮಂಡಿಯಲ್ಲಿ ತಡೆದುಕೊಂಡು ಕೂತಿದ್ದರು, ಮಾತಾಡದೆ. ನಾನು ಅವರ ಕೈ ಮುಟ್ಟಿದೆ. ರಸ್ತೆ ನೋಡು ಎಂದರು.

ರಸ್ತೆ ನೋಡಿದೆ. ಮಲವಗೊಪ್ಪದ ಹತ್ತಿರ, ಸುಮಾರು ಅದೇ ಜಾಗದಲ್ಲಿ, ಹಳದಿ ದೀಪ ಒಂದು ಪಕ್ಕನೆ ಹತ್ತಿತು. ನಾನು ಹೇಳಿಯೂ ಇಲ್ಲ, ಕೇಳಿಯೂ ಇಲ್ಲ, ಎಡಗೈ ತಾನಾಗಿ ಹಣೆಗೆ ಹೋಯಿತು. ಅತ್ತೆ ಮಣಿಕಟ್ಟು ಹಿಡಿದರು.

"ಅದು ಅಲ್ಲೇ ಇರ್ಲಿ. ಗಾಡಿ ನಿಲ್ಸು. ಅವನಿಗೆ ಫೋನ್ ಮಾಡಿ ದೀಪ ಬಂದಿದೆ ಅನ್ನು."

ನಿಲ್ಲಿಸಿದೆ. ಫೋನ್ ಮಾಡಿದೆ. ದೀಪ ಬಂದಿದೆ ಎನ್ನುವ ಬದಲು ಬಾಯಿಂದ ಬೇರೆಯೇ ಬಂತು. "ಆ ಬೊಟ್ಟು ನಂದು ರೀ."

"ಗೊತ್ತು" ಎಂದರು. "ಅಮ್ಮನ ಹತ್ರ ಸ್ಟಿಕ್ಕರ್ ಬೊಟ್ಟು ಎಲ್ಲಿಂದ ಬರ್ಬೇಕು? ಅವಳು ಹಚ್ಚೋದು ವಿಭೂತಿ." ಆಮೇಲೆ ಕೇಳಿದರು. "ನಾನು ಅಂತೀನಿ ಅಂತ ಮುಚ್ಚಿದ್ಯಾ?"

"ಹೂಂ."

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೇಳಲು ಏನೂ ಸಿಗದೆ ಅವರು ಅಷ್ಟು ಹೊತ್ತು ಫೋನ್ ಹಿಡಿದು ನಿಂತದ್ದು ಅದೇ ಮೊದಲು. ಕೊನೆಗೆ, ಈಗ ಯಾಕೆ ಫೋನ್ ಮಾಡಿದೆ ಎಂದು ಕೇಳಿದರು.

"ಇನ್ನೊಂದು ಹಳದಿ ದೀಪ ಬಂದಿದೆ."

"ಯಾವ ಚಿತ್ರ ಇದೆ, ಸರಿಯಾಗಿ ನೋಡು."

ಅಲ್ಲಿಯವರೆಗೆ ನಾನು ನೋಡಿರಲೇ ಇಲ್ಲ. ನೋಡಿದೆ. ಪೆಟ್ರೋಲ್ ಬಂಕಿನ ಚಿತ್ರ.

"ನಿನ್ನೆ ನಾನೇ ತಗೊಂಡು ಹೋಗಿದ್ದೆ" ಎಂದರು ಇವರು ಮೆಲ್ಲಗೆ. "ಹಾಕ್ಸೋದು ಮರೆತೆ."

ಪೆಟ್ರೋಲ್ ಹಾಕಿಸಿಕೊಂಡು ಓಲ್ಡ್ ಟೌನಿಗೆ ಹೋಗುವಾಗ ತಡವಾಗಿತ್ತು. ದೊಡ್ಡತ್ತೆ ಚೌಕಾಬಾರದ ಮನೆ ಬರೆದು, ಕವಡೆ ಇಟ್ಟುಕೊಂಡು ಕಾದಿದ್ದರು. ಬಾಗಿಲಿಗೆ ಬಂದವರು ತಂಗಿಯನ್ನು ನೋಡಲಿಲ್ಲ, ಮೊದಲು ನನ್ನ ಹಣೆ ನೋಡಿದರು.

"ಬೊಟ್ಟಿದೆ" ಎಂದರು. "ಹಂಗಾದ್ರೆ ಕಾರು ಸರಿಯಾಯ್ತು ಅನ್ನು."